ಹಂಸಾ ಮೆಹತಾ: ಮುಂಬಯಿಯ ರಾಜಕಾರಣ ಮತ್ತು ಸ್ತ್ರೀಶಿಕ್ಷಣದ ಒಂದು ನಿಲುವು

1. ಪೀಠಿಕೆ

ಕನ್ನಡದಲ್ಲಿ ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಮೈಸೂರು ಸಂಸ್ಥಾನದ ಕಡೆಗೂ ಕರಾವಳಿಯ ಮಿಷನ್ ಶಾಲೆಗಳ ಕಡೆಗೂ ನೋಡುತ್ತೇವೆ. ಇವೆರಡರ ನಡುವೆ ಮರೆಯಾಗುವ ಒಂದು ಸಂಗತಿಯಿದೆ. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ಕನ್ನಡ ಶಾಲೆಗಳಿಗೆ ಸಂಬಂಧಿಸಿದ ಕಾಯಿದೆಗಳು ರೂಪುಗೊಳ್ಳುತ್ತಿದ್ದುದು ಮುಂಬಯಿಯ ಶಾಸನಸಭೆಗಳಲ್ಲಿ. ಆದ್ದರಿಂದ ಮುಂಬಯಿಯ ಶಿಕ್ಷಣ ರಾಜಕಾರಣದಲ್ಲಿ ದುಡಿದವರ ಜೀವನವೃತ್ತಾಂತವು ಕನ್ನಡ ನಾಡಿನ ಚರಿತ್ರೆಗೂ ಸೇರಿದುದೆಂದು ತಿಳಿಯಬೇಕಾಗುತ್ತದೆ. ಅಂಥವರಲ್ಲಿ ಹಂಸಾ ಮೆಹತಾ (1897–1995) ಪ್ರಮುಖರು.

ಹಂಸಾ ಮೆಹತಾ ಅವರ ಹೆಸರು ಇಂದು ಎರಡು ಕಾರಣಗಳಿಗಾಗಿ ಕೇಳಿಬರುತ್ತದೆ. ಸ್ವಾತಂತ್ರ್ಯದ ಮಧ್ಯರಾತ್ರಿಯಂದು ಭಾರತದ ಮಹಿಳೆಯರ ಪರವಾಗಿ ರಾಷ್ಟ್ರಧ್ವಜವನ್ನು ಸಂವಿಧಾನ ಸಭೆಗೆ ಅರ್ಪಿಸಿದವರು ಅವರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿದ್ದ ಪುರುಷವಾಚಕ ಪದವನ್ನು ಬದಲಾಯಿಸುವಂತೆ ಪಟ್ಟು ಹಿಡಿದವರೂ ಅವರೇ. ಈ ಎರಡು ಪ್ರಸಂಗಗಳು ಪ್ರಸಿದ್ಧವಾದಷ್ಟು ಅವುಗಳ ಹಿಂದಿದ್ದ ವಿಚಾರ ಪ್ರಸಿದ್ಧವಾಗಿಲ್ಲ.

ಅವರ ಸಾರ್ವಜನಿಕ ಜೀವನದಲ್ಲಿ ಮೇಲ್ನೋಟಕ್ಕೆ ಒಂದು ವೈರುಧ್ಯ ಕಾಣುತ್ತದೆ. ಮಹಿಳೆಯರಿಗೆಂದು ಕಾದಿರಿಸಿದ ಸ್ಥಾನದಿಂದ ಚುನಾವಣೆಗೆ ನಿಲ್ಲಲು ಅವರು ಒಪ್ಪಲಿಲ್ಲ. ಆದರೆ ಮಹಿಳೆಯರಿಗೆಂದೇ ಇದ್ದ ವಿಶ್ವವಿದ್ಯಾಲಯದ ಕುಲಪತಿಯಾಗಲು ಒಪ್ಪಿದರು. ಗೃಹವಿಜ್ಞಾನಕ್ಕೆ ವಿಶ್ವವಿದ್ಯಾಲಯದಲ್ಲಿ ನೆಲೆ ಒದಗಿಸಿದರು. ಮುಂದೆ ಅವರ ಅಧ್ಯಕ್ಷತೆಯ ಸಮಿತಿಯೇ ಹುಡುಗಿಯರಿಗೆ ಬೇರೆ ಪಾಠಕ್ರಮ ಕೂಡದೆಂದು ಹೇಳಿತು. ಇದು ನಿಜವಾಗಿಯೂ ವೈರುಧ್ಯವೇ, ಅಥವಾ ಇದರ ಅಡಿಯಲ್ಲಿ ಒಂದೇ ನಿಲುವು ಇದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

2. ಬರೋಡದ ಹಿನ್ನೆಲೆ

ಹಂಸಾ ಅವರು 1897ರ ಜುಲೈ 3ರಂದು ಸೂರತ್‌ನಲ್ಲಿ ನಾಗರ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಅವರ ಅಜ್ಜ ನಂದಶಂಕರ ಮೆಹತಾ ಗುಜರಾತಿಯ ಮೊದಲ ಕಾದಂಬರಿಯೆಂದು ಪರಿಗಣಿಸಲಾಗುವ 'ಕರಣ ಘೇಲೋ' (1866) ಕೃತಿಯ ಕರ್ತೃ. ತಂದೆ ಮನುಭಾಯಿ ಮೆಹತಾ ಬರೋಡ ಸಂಸ್ಥಾನದ ದಿವಾನರಾಗಿದ್ದರು. ಅಂದಿನ ಬರೋಡ ಶಿಕ್ಷಣದ ದೃಷ್ಟಿಯಿಂದ ಅಸಾಮಾನ್ಯವಾದ ರಾಜ್ಯ. ಮಹಾರಾಜ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮರೇಲಿ ಪ್ರಾಂತದಲ್ಲಿ ಪ್ರಯೋಗವಾಗಿ ಆರಂಭಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಆ ಕಡ್ಡಾಯವು ಹುಡುಗಿಯರಿಗೂ ಅನ್ವಯಿಸುತ್ತಿತ್ತು. ಬ್ರಿಟಿಷ್ ಭಾರತದಲ್ಲಿ ಗೋಖಲೆಯವರು 1911ರಲ್ಲಿ ಇದೇ ಉದ್ದೇಶದ ಮಸೂದೆಯನ್ನು ತಂದು ಸೋಲನುಭವಿಸಿದ್ದನ್ನು ನೆನೆದರೆ ಬರೋಡದ ಕ್ರಮದ ಮಹತ್ವ ತಿಳಿಯುತ್ತದೆ. ಹೆಣ್ಣುಮಕ್ಕಳ ಶಿಕ್ಷಣ ರಾಜ್ಯದ ಕರ್ತವ್ಯ, ದಾನಿಗಳ ಔದಾರ್ಯವಲ್ಲ ಎಂಬ ಭಾವನೆಯಿದ್ದ ಪರಿಸರದಲ್ಲಿ ಹಂಸಾ ಬೆಳೆದರು.

ಬರೋಡ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿ 1918ರಲ್ಲಿ ಪದವಿ ಪಡೆದ ಅವರು 1919ರಲ್ಲಿ ಪತ್ರಿಕೋದ್ಯಮ ಮತ್ತು ಸಮಾಜಶಾಸ್ತ್ರಗಳ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ಪರಿಚಯವಾಯಿತು. 1920ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಸ್ತ್ರೀಮತಾಧಿಕಾರ ಸಮ್ಮೇಳನಕ್ಕೆ ಅವರೊಡನೆ ಹೋದದ್ದು ಹಂಸಾ ಅವರ ರಾಜಕೀಯ ದೀಕ್ಷೆಯೆನ್ನಬಹುದು.

1924ರಲ್ಲಿ ಅವರು ಡಾ. ಜೀವರಾಜ ಮೆಹತಾ ಅವರನ್ನು ವಿವಾಹವಾದರು. ಜೀವರಾಜರು ಅಮರೇಲಿಯ ವೈಶ್ಯ ಕುಟುಂಬದವರು. ನಾಗರ ಬ್ರಾಹ್ಮಣ ಕನ್ಯೆ ವೈಶ್ಯ ವರನನ್ನು ವರಿಸುವ ಪ್ರತಿಲೋಮ ವಿವಾಹಕ್ಕೆ ಜಾತಿಬಾಂಧವರ ತೀವ್ರ ವಿರೋಧ ಬಂತು, ಮಹಾರಾಜರ ಬೆಂಬಲವಿದ್ದಿತು. ಜೀವರಾಜರು ಮುಂಬಯಿಯ ಪರೇಲಿನಲ್ಲಿ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜು ಮತ್ತು ಕೆ.ಇ.ಎಂ. ಆಸ್ಪತ್ರೆಗಳ ಡೀನ್ ಆಗಿ ಬಹುಕಾಲ ಕೆಲಸ ಮಾಡಿದರು. ಹೀಗೆ ಮುಂಬಯಿ ಹಂಸಾ ಅವರ ಕಾರ್ಯಕ್ಷೇತ್ರವಾಯಿತು.

3. ಶಾಲಾ ಸಮಿತಿ ಮತ್ತು ಬೀದಿ

ಹಂಸಾ ಅವರು ಮುಂಬಯಿಯಲ್ಲಿ ಹಿಡಿದ ಮೊದಲ ಚುನಾಯಿತ ಜವಾಬ್ದಾರಿ ಶಿಕ್ಷಣಕ್ಕೆ ಸಂಬಂಧಿಸಿದುದೇ ಆಗಿತ್ತು ಎಂಬುದನ್ನು ಗಮನಿಸಬೇಕು. 1926ರಲ್ಲಿ ಅವರು ಮುಂಬಯಿಯ ಶಾಲಾ ಸಮಿತಿಗೆ ಆಯ್ಕೆಯಾದರು. ಆ ಸಮಯದಲ್ಲಿ ನಗರದ ಪ್ರಾಥಮಿಕ ಶಿಕ್ಷಣ ಒಂದು ತಿರುವಿನಲ್ಲಿತ್ತು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಪುರಸಭೆಗಳಿಗೆ ಕಡ್ಡಾಯ ಶಿಕ್ಷಣ ಜಾರಿಗೊಳಿಸುವ ಅಧಿಕಾರ ದೊರೆತಿತ್ತು. ಮುಂಬಯಿ ನಗರಕ್ಕಾಗಿ 1920ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತ್ತು. ಅದರ ಮೇರೆಗೆ ಉಚಿತ ಕಡ್ಡಾಯ ಶಿಕ್ಷಣವು 1925ರಲ್ಲಿ ಎಫ್ ಮತ್ತು ಜಿ ವಾರ್ಡುಗಳಲ್ಲಿ, ಎಂದರೆ ಗಿರಣಿ ಕಾರ್ಮಿಕರು ದಟ್ಟವಾಗಿ ನೆಲೆಸಿದ್ದ ಭಾಗಗಳಲ್ಲಿ, ಆರಂಭವಾಗಿತ್ತು. ಬಾಂದ್ರಾ, ಅಂಧೇರಿ ಮೊದಲಾದ ಉಪನಗರಗಳು ಆಗ ನಗರಪಾಲಿಕೆಯ ಎಲ್ಲೆಯ ಹೊರಗಿದ್ದವು. 1950 ಮತ್ತು 1957ರ ವಿಸ್ತರಣೆಗಳಲ್ಲಿ ಮಾತ್ರ ಉಪನಗರಗಳು ಬೃಹನ್ಮುಂಬಯಿಯೊಳಗೆ ಬಂದವು. ಒಂದು ರಸ್ತೆಯ ಈ ಬದಿಯ ಮಗುವಿಗೆ ಕಡ್ಡಾಯವಾದ ಶಾಲೆ ಆ ಬದಿಯ ಮಗುವಿಗೆ ಇಲ್ಲದಿರಬಹುದಾದ ಸ್ಥಿತಿ ಅದು.

ಬಹುಭಾಷೆಯ ಈ ನಗರದಲ್ಲಿ ಶಾಲೆಯೆಂದರೆ ಭಾಷೆಯ ಪ್ರಶ್ನೆಯೂ ಹೌದು. ಮರಾಠಿ, ಗುಜರಾತಿ, ಉರ್ದು ಮೊದಲಾದ ಮಾಧ್ಯಮಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ಮುಂಬಯಿ ನಗರಪಾಲಿಕೆ ನಡೆಸಿಕೊಂಡು ಬಂದಿದೆ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ಕನ್ನಡಿಗರ ಕಥೆ ನಮಗೆ ಪರಿಚಿತವೇ. ಆದರೆ ರಾತ್ರಿ ಶಾಲೆ ಮುಖ್ಯವಾಗಿ ಹುಡುಗರ ದಾರಿ. ಅದೇ ವರ್ಗದ ಹುಡುಗಿಗೆ ಮನೆಯ ಸಮೀಪದ ಹಗಲಿನ ಉಚಿತ ಶಾಲೆಯೊಂದೇ ದಾರಿ. ಶಾಲಾ ಸಮಿತಿಯಲ್ಲಿ ಒಬ್ಬ ಮಹಿಳೆ ಕುಳಿತದ್ದರ ಅರ್ಥವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಇದೇ ಕಾಲದಲ್ಲಿ ಅಖಿಲ ಭಾರತ ಮಟ್ಟದಲ್ಲಿಯೂ ಸ್ತ್ರೀಯರ ಸಂಘಟನೆ ಶಿಕ್ಷಣವನ್ನೇ ನೆಪಮಾಡಿಕೊಂಡು ಹುಟ್ಟಿತು. ಮಾರ್ಗರೆಟ್ ಕಸಿನ್ಸ್ ಅವರ ಕರೆಯ ಮೇರೆಗೆ 1927ರ ಜನವರಿಯಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನದ ವಿಷಯ ಶಿಕ್ಷಣ ಸುಧಾರಣೆ. ಅದರ ಅಧ್ಯಕ್ಷೆ ಬರೋಡದ ಮಹಾರಾಣಿ ಚಿಮಣಾಬಾಯಿ. ಸಂಘಟನೆಯ ಆರಂಭದ ಕಾರ್ಯಕರ್ತೆಯರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮುಂಚೂಣಿಯಲ್ಲಿದ್ದರು. ಹುಡುಗಿಯರು ಶಾಲೆ ಬಿಡುವುದಕ್ಕೆ ಬಾಲ್ಯವಿವಾಹವೇ ಕಾರಣವೆಂದು ಕಂಡಾಗ ಸಮ್ಮೇಳನ ವಿವಾಹವಯಸ್ಸಿನ ಕಾಯಿದೆಗಾಗಿ ಹೋರಾಡಿತು. ಕಾಯಿದೆ ಮಾಡುವವರನ್ನು ಆರಿಸಲು ಮತವಿಲ್ಲವೆಂದು ಕಂಡಾಗ ಮತಾಧಿಕಾರದ ಪ್ರಶ್ನೆಗೆ ಬಂತು. ಶಿಕ್ಷಣದಿಂದ ಹೊರಟ ದಾರಿ ರಾಜಕಾರಣಕ್ಕೆ ಬಂದು ಸೇರಿದ್ದು ಹೀಗೆ. ಹಂಸಾ ಅವರ ವೈಯಕ್ತಿಕ ದಾರಿಯೂ ಇದೇ.

1930ರ ಉಪ್ಪಿನ ಸತ್ಯಾಗ್ರಹ ಆ ದಾರಿಯನ್ನು ಬೀದಿಗೆ ತಂದಿತು. ಮುಂಬಯಿಯಲ್ಲಿ ದೇಶಸೇವಿಕಾ ಸಂಘದ ಮಹಿಳೆಯರು ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆಯೂ ಮದ್ಯದಂಗಡಿಗಳ ಮುಂದೆಯೂ ಪಿಕೆಟಿಂಗ್ ನಡೆಸಿದರು. ಹಂಸಾ ಅವರು ಆ ಕಾರ್ಯದ ನೇತೃತ್ವ ವಹಿಸಿ ಸೆರೆಮನೆ ಸೇರಿದರು. 1932ರಲ್ಲಿ ಮತ್ತೊಮ್ಮೆ ಬಂಧಿತರಾದರು. ಕಮಲಾದೇವಿಯವರು ಇದೇ ನಗರದಲ್ಲಿ ಉಪ್ಪಿನ ಪೊಟ್ಟಣಗಳನ್ನು ಮಾರುತ್ತ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿದ್ದು ಈ ಸಂದರ್ಭದಲ್ಲಿಯೇ.

ಇಲ್ಲಿ ಇನ್ನೊಂದು ಹೋಲಿಕೆ ಉಪಯುಕ್ತ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಉಮಾಬಾಯಿ ಕುಂದಾಪುರ ಅವರು ಗಾಮದೇವಿಯ ಮಹಿಳಾ ಸಮಾಜದಲ್ಲಿ ಕೆಲಸ ಮಾಡಿ, ಅನಂತರ ಹುಬ್ಬಳ್ಳಿಗೆ ಬಂದು ಭಗಿನಿ ಮಂಡಳವನ್ನೂ ತಿಲಕ ಕನ್ಯಾಶಾಲೆಯನ್ನೂ ನಡೆಸಿದರು. ಸೇವಾದಳದಲ್ಲಿ ದುಡಿದು ಸೆರೆಮನೆ ಕಂಡರು. ಸ್ವಾತಂತ್ರ್ಯಾನಂತರ ಅಧಿಕಾರದಿಂದ ದೂರ ಉಳಿದರು. ಉಮಾಬಾಯಿಯವರದು ಸರಕಾರದ ಹೊರಗೆ ನಿಂತು ಶಾಲೆ ಕಟ್ಟುವ ಮಾರ್ಗ. ಹಂಸಾ ಅವರದು ಸರಕಾರದೊಳಗೆ ಹೋಗಿ ನಿಯಮವನ್ನು ಬದಲಾಯಿಸುವ ಮಾರ್ಗ. ಒಂದಿಲ್ಲದೆ ಇನ್ನೊಂದು ಪೂರ್ಣವಾಗುತ್ತಿರಲಿಲ್ಲ.

4. ಕಾದಿರಿಸಿದ ಸ್ಥಾನದ ನಿರಾಕರಣೆ

1935ರ ಭಾರತ ಸರಕಾರ ಕಾಯಿದೆ ಮುಂಬಯಿಯ ವಿಧಾನಸಭೆಯ 175 ಸ್ಥಾನಗಳಲ್ಲಿ 6ನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1937ರ ಚುನಾವಣೆಯಲ್ಲಿ ಹಂಸಾ ಅವರು ಮೀಸಲು ಸ್ಥಾನವನ್ನು ಒಲ್ಲದೆ ಸಾಮಾನ್ಯ ಸ್ಥಾನದಿಂದಲೇ ಸ್ಪರ್ಧಿಸಿ ಮುಂಬಯಿಯ ವಿಧಾನ ಪರಿಷತ್ತಿಗೆ ಬಂದರು.

ಈ ನಿರಾಕರಣೆಯನ್ನು ಕೇವಲ ಸ್ವಾಭಿಮಾನದ ಪ್ರಕಟಣೆಯೆಂದು ತಿಳಿದರೆ ಅದರ ಅರ್ಥ ಅರ್ಧವೇ ದೊರೆಯುತ್ತದೆ. 1932ರ ಕೋಮುವಾರು ತೀರ್ಪು ಮಹಿಳೆಯರ ಸ್ಥಾನಗಳನ್ನೂ ಮತಧರ್ಮಗಳಿಗೆ ಅನುಸಾರವಾಗಿ ಹಂಚಿತ್ತು. ಆಗ ಮೀಸಲು ಸ್ಥಾನವನ್ನು ಒಪ್ಪುವುದೆಂದರೆ ಸ್ತ್ರೀಯರು ಸ್ತ್ರೀಯರಾಗಿ ಒಂದುಗೂಡುವುದಲ್ಲ, ಹಿಂದು ಸ್ತ್ರೀ, ಮುಸ್ಲಿಂ ಸ್ತ್ರೀ ಎಂದು ಬೇರೆಯಾಗುವುದು. ಅಖಿಲ ಭಾರತ ಮಹಿಳಾ ಸಮ್ಮೇಳನವೂ ಇತರ ಪ್ರಮುಖ ಮಹಿಳಾ ಸಂಸ್ಥೆಗಳೂ ವಯಸ್ಕ ಮತದಾನವನ್ನು ಬೇಡಿ, ಮೀಸಲಾತಿಯನ್ನು ವಿರೋಧಿಸಿದ್ದುದು ಈ ಕಾರಣದಿಂದ. ಅದೇ ಕಾಯಿದೆ ಮತದಾನದ ಹಕ್ಕನ್ನು ಕೆಲವು ಸ್ತ್ರೀಯರಿಗೆ ಗಂಡನ ಆಸ್ತಿಯ ಆಧಾರದ ಮೇಲೆ ನೀಡಿತು. ಹಲವು ಪ್ರಾಂತಗಳಲ್ಲಿ ಅಕ್ಷರಜ್ಞಾನವನ್ನೂ ಅರ್ಹತೆಯಾಗಿ ಮಾಡಿತು. ಎಂದರೆ, ಆಸ್ತಿವಂತನ ಹೆಂಡತಿಯಲ್ಲದ ಹೆಣ್ಣಿಗೆ ಮತಪೆಟ್ಟಿಗೆಯ ದಾರಿ ಶಾಲೆಯ ಮೂಲಕವೇ ಹೋಗುತ್ತಿತ್ತು. ಶಿಕ್ಷಣ ಮತ್ತು ರಾಜಕಾರಣಗಳ ಸಂಬಂಧ ಆ ಪೀಳಿಗೆಗೆ ಎಷ್ಟು ಪ್ರತ್ಯಕ್ಷವಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಬಿ. ಜಿ. ಖೇರ್ ಅವರ ಮಂತ್ರಿಮಂಡಲದಲ್ಲಿ (1937–39) ಹಂಸಾ ಅವರು ಶಿಕ್ಷಣ ಮತ್ತು ಆರೋಗ್ಯ ವಿಷಯಗಳಿಗೆ ಸಂಸದೀಯ ಕಾರ್ಯದರ್ಶಿಯಾದರು. ಶಿಕ್ಷಣ ಖಾತೆ ಸ್ವತಃ ಖೇರ್ ಅವರಲ್ಲಿತ್ತು. ಈ ಸರಕಾರದ ಅಲ್ಪಾವಧಿಯಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆಗೆ 1938ರ ತಿದ್ದುಪಡಿ ಬಂತು. ವಯಸ್ಕರ ಶಿಕ್ಷಣಕ್ಕೆ ಚಾಲನೆ ದೊರೆಯಿತು. ವಾರ್ಧಾ ಸಮ್ಮೇಳನದ ಮೂಲಶಿಕ್ಷಣ ಯೋಜನೆಯನ್ನು ಆಯ್ದ ಪ್ರದೇಶಗಳಲ್ಲಿ ಪ್ರಯೋಗಕ್ಕೆ ತರಲಾಯಿತು. ಆ ಪ್ರಯೋಗಕ್ಕಾಗಿ ಕನ್ನಡ ಶಿಕ್ಷಕರನ್ನು ಅಣಿಗೊಳಿಸಲು ಆರಿಸಿದ ಸ್ಥಳ ಧಾರವಾಡ. ಮುಂಬಯಿಯ ನಿರ್ಧಾರ ಕನ್ನಡ ತರಗತಿಯನ್ನು ತಲಪುತ್ತಿದ್ದ ಬಗೆಗೆ ಇದು ಉದಾಹರಣೆ. 1939ರ ನವೆಂಬರಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತುದರಿಂದ ಈ ಕಾರ್ಯಗಳು ನಡುವಿನಲ್ಲಿಯೇ ಕುಂಠಿತವಾದವು. ಹಂಸಾ ಅವರು 1940ರ ಅನಂತರವೂ, 1949ರವರೆಗೆ, ಪರಿಷತ್ತಿನ ಸದಸ್ಯರಾಗಿದ್ದರು.

5. ಮಹಿಳಾ ವಿಶ್ವವಿದ್ಯಾಲಯದ ಕುಲಪತಿ

1946ರಿಂದ 1948ರವರೆಗೆ ಹಂಸಾ ಅವರು ಶ್ರೀಮತಿ ನಾಥಿಬಾಯಿ ದಾಮೋದರ ಠಾಕರಸೀ ಮಹಿಳಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಧೋಂಡೋ ಕೇಶವ ಕರ್ವೆಯವರು ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಮಾದರಿಯಿಂದ ಪ್ರೇರಿತರಾಗಿ 1916ರಲ್ಲಿ ಪುಣೆಯ ಸಮೀಪ ಆರಂಭಿಸಿದ ಈ ಸಂಸ್ಥೆ, ವಿಠ್ಠಲದಾಸ ಠಾಕರಸೀಯವರ 15 ಲಕ್ಷ ರೂಪಾಯಿಗಳ ದಾನದಿಂದ ಅವರ ತಾಯಿಯ ಹೆಸರನ್ನು ಪಡೆದು, 1936ರಲ್ಲಿ ಮುಂಬಯಿಗೆ ಸ್ಥಳಾಂತರಗೊಂಡಿತು. ಚರ್ಚ್‌ಗೇಟಿನ ಕೇಂದ್ರದ ಜೊತೆಗೆ ಮುಂದೆ ಉಪನಗರವಾದ ಜುಹೂವಿನಲ್ಲಿಯೂ ಅದರ ಆವರಣ ಬೆಳೆಯಿತು.

ಕರ್ವೆಯವರ ಕಲ್ಪನೆಯಲ್ಲಿ ಎರಡು ಅಂಶಗಳಿದ್ದವು. ಒಂದು, ಉಚ್ಚಶಿಕ್ಷಣ ಮಾತೃಭಾಷೆಯಲ್ಲಿ ನಡೆಯಬೇಕು, ಇಂಗ್ಲಿಷ್ ಒಂದು ವಿಷಯವಾಗಿರಬೇಕು. ಎರಡು, ಸ್ತ್ರೀಯರ ಜೀವನಕ್ಕೆ ಹೊಂದುವಂಥ ಪಾಠಕ್ರಮವಿರಬೇಕು. ಮೊದಲನೆಯದು ತನ್ನ ಕಾಲಕ್ಕಿಂತ ಬಹಳ ಮುಂದಿದ್ದ ವಿಚಾರ. ಭಾರತೀಯ ಭಾಷೆಗಳಲ್ಲಿ ಪದವಿ ಶಿಕ್ಷಣವನ್ನು ಕೊಡಬಹುದೆಂದು ಈ ಸಂಸ್ಥೆ ತೋರಿಸಿತು. ಎರಡನೆಯದು ವಿವಾದಾಸ್ಪದವಾದುದು. ಬೇರೆ ಪಾಠಕ್ರಮ, 'ಗೃಹೀತಾಗಮಾ' ಎಂಬ ಬೇರೆ ಪದವಿಯ ಹೆಸರು, ಸರಕಾರದ ಶಾಸನಾತ್ಮಕ ಮಾನ್ಯತೆಯ ಅಭಾವ, ಇವು ಮೂರೂ ಸೇರಿ ಇಲ್ಲಿ ಓದಿದವರ ಪದವಿ ಇತರ ಪದವಿಗಳಿಗೆ ಸಮಾನವೇ ಎಂಬ ಸಂಶಯವನ್ನು ಉಳಿಸಿದ್ದವು.

ಪ್ರತ್ಯೇಕ ಸ್ಥಾನವನ್ನು ಒಲ್ಲದ ಹಂಸಾ ಪ್ರತ್ಯೇಕ ವಿಶ್ವವಿದ್ಯಾಲಯವನ್ನು ಒಪ್ಪಿದ್ದೇಕೆ? ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಒಂದು ಸೂಕ್ಷ್ಮ ವಿವೇಚನೆಯಿದೆ. ಮಗಳನ್ನು ಗಂಡುಮಕ್ಕಳ ಕಾಲೇಜಿಗೆ ಕಳುಹಿಸದ ಮನೆ ಮಹಿಳಾ ಕಾಲೇಜಿಗೆ ಕಳುಹಿಸೀತು. ಬಾಲ್ಯದಲ್ಲಿ ಮದುವೆಯಾಗಿ ಓದು ನಿಂತವಳು, ಇಂಗ್ಲಿಷ್ ಬಾರದವಳು ಇಲ್ಲಿ ಮತ್ತೆ ಓದಿಯಾಳು. ಈ ಅರ್ಥದಲ್ಲಿ ಪ್ರತ್ಯೇಕ ಸಂಸ್ಥೆ ಒಂದು ಪ್ರವೇಶದ್ವಾರ. ದ್ವಾರ ಬೇರೆಯಾಗಿರುವುದರಲ್ಲಿ ದೋಷವಿಲ್ಲ. ಒಳಗೆ ದೊರೆಯುವ ವಿದ್ಯೆಯ ಬೆಲೆ ಕಡಿಮೆಯಾದರೆ ದೋಷ. ಆದ್ದರಿಂದ ಆ ಸಂಸ್ಥೆಗೆ ಅತ್ಯಗತ್ಯವಾಗಿದ್ದುದು ಪದವಿಯ ಸಮಾನ ಮಾನ್ಯತೆ. ಮುಂಬಯಿ ಶಾಸನಸಭೆ 1949ರಲ್ಲಿ ಕಾಯಿದೆ ಮಾಡಿ, 1951ರಲ್ಲಿ ಅದು ಜಾರಿಗೆ ಬಂದು, ವಿಶ್ವವಿದ್ಯಾಲಯ ಶಾಸನಬದ್ಧವಾಯಿತು. ಅದೇ 1949ರಲ್ಲಿ ಅದೇ ಶಾಸನಸಭೆಯ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿ, ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತೆಂಬುದು ಸ್ಮರಣೀಯ.

6. ಸಂವಿಧಾನ ಮತ್ತು ವಿಶ್ವಘೋಷಣೆ

1945–46ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾಗಿದ್ದಾಗ ಹಂಸಾ ಅವರು ಮಹಿಳೆಯರ ಹಕ್ಕು ಮತ್ತು ಕರ್ತವ್ಯಗಳ ಸನ್ನದಿನ ರಚನೆಗೆ ಮುಂದಾದರು. ಶಿಕ್ಷಣ, ಆರೋಗ್ಯ, ಕೆಲಸ, ಆಸ್ತಿ, ವಿವಾಹ ಇವೆಲ್ಲವನ್ನೂ ಒಂದೇ ದೃಷ್ಟಿಯಿಂದ ನೋಡಿದ ಈ ಸನ್ನದನ್ನು ಕೈಯಲ್ಲಿ ಹಿಡಿದೇ ಅವರು ಮುಂಬಯಿಯಿಂದ ಸಂವಿಧಾನ ಸಭೆಗೆ ಹೋದರೆನ್ನಬಹುದು. 1946ರ ಡಿಸೆಂಬರ್ 19ರಂದು ಧ್ಯೇಯಗಳ ನಿರ್ಣಯದ ಮೇಲೆ ಮಾತನಾಡುತ್ತ, ತಾವು ಸೇರಿದ ಮಹಿಳಾ ಸಂಸ್ಥೆ ಮೀಸಲು ಸ್ಥಾನವನ್ನಾಗಲಿ ಪ್ರತ್ಯೇಕ ಮತಕ್ಷೇತ್ರವನ್ನಾಗಲಿ ಕೇಳಿಲ್ಲ, ಕೇಳಿರುವುದು ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯವನ್ನು ಎಂಬ ಆಶಯವನ್ನು ಮುಂದಿಟ್ಟರು.

ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಏಕರೂಪ ನಾಗರಿಕ ಸಂಹಿತೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದ ನಿರ್ದೇಶಕ ತತ್ತ್ವಗಳಿಗೆ ಸೇರಿಸಿದಾಗ ರಾಜಕುಮಾರಿ ಅಮೃತ ಕೌರ್ ಮತ್ತು ಮಿನೂ ಮಸಾನಿಯವರೊಡನೆ ಹಂಸಾ ಭಿನ್ನಮತವನ್ನು ದಾಖಲಿಸಿದರು. ಉಪಸಮಿತಿ ಹಕ್ಕುಗಳ ಪಟ್ಟಿಯಲ್ಲಿಟ್ಟಿದ್ದ ಪ್ರಾಥಮಿಕ ಶಿಕ್ಷಣವೂ 1947ರ ಏಪ್ರಿಲ್‌ನಲ್ಲಿ ಸಲಹಾ ಸಮಿತಿಯ ಹಂತದಲ್ಲಿ ನಿರ್ದೇಶಕ ತತ್ತ್ವಗಳ ಕಡೆಗೆ ಸರಿಯಿತು. ಅದು ಮೂಲಭೂತ ಹಕ್ಕಾಗಿ ಮರಳಲು 2002ರ 86ನೆಯ ತಿದ್ದುಪಡಿಯವರೆಗೆ, ಕಾಯಿದೆಯ ರೂಪ ತಾಳಲು 2009ರವರೆಗೆ ಕಾಯಬೇಕಾಯಿತು. ಈ ವಿಳಂಬದ ಹೊರೆಯನ್ನು ಹೊತ್ತವರಲ್ಲಿ ಮನೆಗೆಲಸಕ್ಕೆಂದು ಶಾಲೆಯಿಂದ ಹೊರಗುಳಿದ ಹುಡುಗಿಯರು ಅಸಂಖ್ಯರು.

1947ರ ಆಗಸ್ಟ್ 14ರ ಮಧ್ಯರಾತ್ರಿ, ಸರೋಜಿನಿ ನಾಯ್ಡು ಅವರ ಅನುಪಸ್ಥಿತಿಯಲ್ಲಿ, ಭಾರತದ ಸ್ತ್ರೀಯರ ಪರವಾಗಿ ರಾಷ್ಟ್ರಧ್ವಜವನ್ನು ಸಭೆಗೆ ಅರ್ಪಿಸುವ ಕಾರ್ಯ ಹಂಸಾ ಅವರ ಪಾಲಿಗೆ ಬಂತು. ಆ ಸಭಾಭವನದ ಮೇಲೆ ಹಾರುವ ಮೊದಲ ಧ್ವಜ ಸ್ತ್ರೀಯರ ಕಾಣಿಕೆಯಾಗಿರುವುದು ಉಚಿತವೆಂಬುದು ಅವರ ಭಾವನೆ.

ಅದೇ ವರ್ಷದಿಂದ 1952ರವರೆಗೆ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿ. ಆಯೋಗದ ಅಧ್ಯಕ್ಷೆ ಎಲಿನಾರ್ ರೂಸ್‌ವೆಲ್ಟ್. ಘೋಷಣೆಯ ಕರಡಿನ ಮೊದಲ ವಿಧಿ 'ಎಲ್ಲ ಪುರುಷರೂ' ಎಂಬರ್ಥ ಬರುವ ಇಂಗ್ಲಿಷ್ ಪದದಿಂದ ಆರಂಭವಾಗಿತ್ತು. ಆ ಪದದಲ್ಲಿ ಸ್ತ್ರೀಯರೂ ಅಡಕವಾಗಿದ್ದಾರೆಂಬುದು ರೂಢಿಯ ಸಮರ್ಥನೆ. ರೂಢಿಯ ಅರ್ಥವನ್ನು ನಂಬಿ ಕುಳಿತರೆ ಸ್ತ್ರೀಯರನ್ನು ಹೊರಗಿಡಲು ಅದನ್ನೇ ಬಳಸುವ ದೇಶಗಳಿರಬಹುದೆಂದು ಹಂಸಾ ವಾದಿಸಿದರು. ಸ್ತ್ರೀಯರ ಸ್ಥಾನಮಾನ ಆಯೋಗದವರೂ ಬದಲಾವಣೆಯನ್ನು ಬಯಸಿದ್ದರು. 1948ರ ಡಿಸೆಂಬರ್ 10ರಂದು ಅಂಗೀಕೃತವಾದ ಘೋಷಣೆ 'ಎಲ್ಲ ಮಾನವಜೀವಿಗಳೂ' ಎಂಬ ಅರ್ಥದ ಪದದಿಂದ ಆರಂಭವಾಗುತ್ತದೆ.

ಭಾಷಾಧ್ಯಯನ ಮಾಡುವವರಿಗೆ ಈ ಪ್ರಸಂಗ ವಿಶೇಷವಾಗಿ ವಿಚಾರಣೀಯ. ಕನ್ನಡದ ಬಹುವಚನದಲ್ಲಿ ಈ ತೊಡಕು ಕಾಣಿಸುವುದಿಲ್ಲ. 'ಅವರು' ಎಂಬ ಸರ್ವನಾಮ ಸ್ತ್ರೀಪುರುಷರಿಬ್ಬರಿಗೂ ಸಲ್ಲುತ್ತದೆ. ಏಕವಚನಕ್ಕೆ ಬಂದೊಡನೆ 'ಅವನು' ಅಥವಾ 'ಅವಳು' ಎಂದು ಆರಿಸಲೇಬೇಕು. 'ಮನುಷ್ಯ' ಎಂದಾಗ 'ಮನುಷ್ಯನು' ಎಂದೇ ಮುಂದುವರಿಯುತ್ತೇವೆ. ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂಬ ನಿಯಮವನ್ನು ಭಾರತದಲ್ಲಿ ಕಾನೂನೇ ಮಾಡಿತ್ತು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣದಲ್ಲಿ ಅದು ಇದೆ. 'ಒಳಗೊಂಡಿದೆ' ಎಂಬ ಈ ಊಹೆಯೇ ಹಂಸಾ ಅವರಿಗೆ ಸಾಲದೆನಿಸಿದ್ದು. ಹೆಸರಿಸದೆ ಒಳಗೊಳ್ಳುವುದಕ್ಕೂ ಬೇರೆಯಾಗಿಸಿ ಹೆಸರಿಸುವುದಕ್ಕೂ ನಡುವೆ, ಇಬ್ಬರನ್ನೂ ಸಮಾನವಾಗಿ ಸೂಚಿಸುವ ಮೂರನೆಯ ಪದವನ್ನು ಅವರು ಹುಡುಕಿದರು. ಅವರ ಶಿಕ್ಷಣ ವಿಚಾರಕ್ಕೂ ಇದೇ ಕೀಲಿಕೈ.

7. ಪಾಠಕ್ರಮದ ಪ್ರಶ್ನೆ

1949ರಲ್ಲಿ ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಹಂಸಾ ಅದರ ಮೊದಲ ಕುಲಪತಿಯಾಗಿ 1958ರವರೆಗೆ ಕೆಲಸ ಮಾಡಿದರು. ಸ್ತ್ರೀಪುರುಷರಿಬ್ಬರೂ ಕಲಿಯುವ ವಿಶ್ವವಿದ್ಯಾಲಯವೊಂದಕ್ಕೆ ಭಾರತದಲ್ಲಿ ಮಹಿಳೆಯೊಬ್ಬರು ಕುಲಪತಿಯಾದುದು ಇದೇ ಮೊದಲು. ಲಲಿತಕಲೆ, ಸಮಾಜಕಾರ್ಯ, ಗೃಹವಿಜ್ಞಾನಗಳಿಗೆ ಪೂರ್ಣ ನಿಕಾಯಗಳನ್ನು ಕೊಟ್ಟದ್ದು ಆ ವಿಶ್ವವಿದ್ಯಾಲಯದ ವೈಶಿಷ್ಟ್ಯ. ಗೃಹವಿಜ್ಞಾನದ ವಿಷಯದಲ್ಲಿ ಅವರ ಕ್ರಮ ಗಮನಾರ್ಹ: ಅಡುಗೆ, ಹೊಲಿಗೆಗಳ ತರಬೇತಿಯೆಂದು ಕಡೆಗಣಿಸಲಾಗುತ್ತಿದ್ದ ವಿಷಯ ಆಹಾರವಿಜ್ಞಾನ, ಶಿಶುವಿಕಾಸ ಮೊದಲಾದ ಶಾಸ್ತ್ರಗಳ ನೆಲೆಯಲ್ಲಿ ನಿಂತು ಇತರ ನಿಕಾಯಗಳಿಗೆ ಸಮಾನವಾಯಿತು.

ಮುಂದೆ ರಾಷ್ಟ್ರೀಯ ಸ್ತ್ರೀಶಿಕ್ಷಣ ಪರಿಷತ್ತು, ಹುಡುಗ ಹುಡುಗಿಯರಿಗೆ ಪಾಠಕ್ರಮ ಬೇರೆಯಾಗಿರಬೇಕೇ ಎಂಬುದನ್ನು ಪರಿಶೀಲಿಸಲು ಹಂಸಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನ್ಯಾಮಿಸಿತು. 1962ರ ಹಂಸಾ ಮೆಹತಾ ಸಮಿತಿಯೆಂದು ಪ್ರಸಿದ್ಧವಾದುದು ಇದೇ. ಪ್ರಾಥಮಿಕ ಹಂತದಲ್ಲಿ ಸಹಶಿಕ್ಷಣವೇ ಸಾಮಾನ್ಯ ಕ್ರಮವಾಗಬೇಕು. ಮುಂದಿನ ಹಂತಗಳಲ್ಲಿ ಪ್ರತ್ಯೇಕ ಶಾಲೆಯನ್ನು ಬಯಸುವವರಿಗೆ ಅದು ದೊರೆಯಬೇಕು. ಆದರೆ ಲಿಂಗಭೇದದ ಆಧಾರದ ಮೇಲೆ ಪಾಠಕ್ರಮವನ್ನು ಭೇದಿಸಬಾರದು. ಗೃಹವಿಜ್ಞಾನ ಹುಡುಗಿಯರಿಗೇ ಮೀಸಲಾದ ವಿಷಯವಾಗಕೂಡದು ಎಂಬುದು ಅದರ ಶಿಫಾರಸುಗಳ ಸಾರ. ಸಮಾಜ ಬದಲಾಗುತ್ತಿರುವ ಸಂಧಿಕಾಲದಲ್ಲಿ ಇರುವ ಕೆಲವು ವ್ಯತ್ಯಾಸಗಳನ್ನು ವ್ಯಾವಹಾರಿಕವಾಗಿ ಗಮನಿಸಬೇಕಾದರೂ, ಅವುಗಳನ್ನು ಶಾಲೆಯೇ ಶಾಶ್ವತಗೊಳಿಸಬಾರದೆಂದೂ ಸಮಿತಿ ಎಚ್ಚರಿಸಿತು. ಕೊಠಾರಿ ಆಯೋಗ (1964–66) ಈ ಶಿಫಾರಸುಗಳನ್ನು ಅನುಮೋದಿಸಿತು.

ಇಲ್ಲಿ ನಾವು ಆರಂಭದಲ್ಲಿ ಎತ್ತಿದ ವೈರುಧ್ಯದ ಪ್ರಶ್ನೆ ಪರಿಹಾರವಾಗುತ್ತದೆ. ಶಾಲೆ ಬೇರೆಯಾಗಿರಬಹುದು, ಪಾಠ ಬೇರೆಯಾಗಬಾರದು. ಕಾಲೇಜು ಬೇರೆಯಾಗಿರಬಹುದು, ಪದವಿಯ ಬೆಲೆ ಬೇರೆಯಾಗಬಾರದು. ಕರ್ವೆಯವರ ಕಲ್ಪನೆಯಿಂದ ಮಾತೃಭಾಷೆಯನ್ನೂ ಪ್ರವೇಶದ ಸೌಲಭ್ಯವನ್ನೂ ಒಪ್ಪಿ, 'ಸ್ತ್ರೀಯೋಗ್ಯ' ವಿದ್ಯೆಯೆಂಬ ಭಾಗವನ್ನು ಕೈಬಿಟ್ಟ ನಿಲುವು ಇದು.

8. ಮಿತಿಗಳು ಮತ್ತು ಉಪಸಂಹಾರ

ಈ ನಿಲುವಿಗೆ ಮಿತಿಗಳಿಲ್ಲವೆಂದಲ್ಲ. ದಿವಾನರ ಮಗಳಿಗೆ ಸಾಮಾನ್ಯ ಸ್ಥಾನದಿಂದ ಗೆಲ್ಲುವುದು ಸಾಧ್ಯವಾಯಿತು. ಪರೇಲಿನ ಗಿರಣಿ ಕಾರ್ಮಿಕಳಿಗೋ ಧಾರವಾಡ ಸೀಮೆಯ ಕೃಷಿಕೂಲಿಯ ಹೆಂಗಸಿಗೋ ಅದು ಸಾಧ್ಯವಿತ್ತೇ? ಶಿಕ್ಷಣದಲ್ಲಿ ಪ್ರತ್ಯೇಕ ದ್ವಾರದ ಅಗತ್ಯವನ್ನು ಒಪ್ಪಿದ ಹಂಸಾ, ರಾಜಕಾರಣದಲ್ಲಿಯೂ ಅಂಥದೇ ದ್ವಾರ ಬೇಕಾದೀತೆಂದು ಒಪ್ಪಲಿಲ್ಲ. ಅವರ ಪೀಳಿಗೆಯ ನಿರೀಕ್ಷೆಯಂತೆ ಮತಾಧಿಕಾರ ಮತ್ತು ಶಿಕ್ಷಣಗಳಿಂದಲೇ ಸ್ತ್ರೀಯರು ಶಾಸನಸಭೆಗಳನ್ನು ತಲಪಲಿಲ್ಲ. ಭಾರತದ ಸ್ತ್ರೀಯರ ಸ್ಥಾನಮಾನವನ್ನು ಕುರಿತ ಸಮಿತಿ 1974ರಲ್ಲಿ ಶಾಸನಸಭೆಗಳ ಮೀಸಲಾತಿಯನ್ನು ಬಹುಮತದಿಂದ ನಿರಾಕರಿಸಿದರೂ, ಭಿನ್ನಮತಗಳು ಅದರೊಳಗೇ ಕೇಳಿಬಂದವು. ಕರ್ನಾಟಕ ತನ್ನ 1983ರ ಕಾಯಿದೆಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಶೇಕಡಾ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತು. 1992ರ 73 ಮತ್ತು 74ನೆಯ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಲ್ಲಿ ಮೂರನೆಯ ಒಂದು ಭಾಗವನ್ನು ಇಡೀ ದೇಶಕ್ಕೆ ವಿಧಿಸಿದವು. 2023ರ 106ನೆಯ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳಿಗೂ ಆ ತತ್ತ್ವವನ್ನು ವಿಸ್ತರಿಸಿತು. ಹಂಸಾ ಅವರು ಒಲ್ಲದಿದ್ದುದನ್ನು ಚರಿತ್ರೆ ಒಪ್ಪಿಕೊಂಡಿದೆ.

ಹಾಗೆಂದು ಅವರ ನಿಲುವು ಸುಳ್ಳಾಯಿತೆನ್ನಲಾಗದು. ಮತಧರ್ಮಗಳಿಗೆ ಹಂಚಿದ 6 ಸ್ಥಾನಗಳ ಮೀಸಲಾತಿಗೂ ಸಾರ್ವತ್ರಿಕ ಮತದಾನದ ಮೇಲೆ ನಿಂತ ಇಂದಿನ ಮೀಸಲಾತಿಗೂ ಅಂತರವಿದೆ. ಅಲ್ಲದೆ ಸ್ಥಾನ ದೊರೆತ ಬಳಿಕ ಅಲ್ಲಿ ಕುಳಿತವಳ ಅಧಿಕಾರ ಪುರುಷ ಸದಸ್ಯನ ಅಧಿಕಾರಕ್ಕೆ ಸಮಾನವೇ ಎಂಬುದು ಹಂಸಾ ಅವರ ಪ್ರಶ್ನೆಯೇ. ಪಂಚಾಯತಿಯ ಅಧ್ಯಕ್ಷೆಯ ಪರವಾಗಿ ಗಂಡನೇ ಕೆಲಸ ನಡೆಸುವ ಸ್ಥಿತಿ ಇರುವಷ್ಟು ಕಾಲ, ದ್ವಾರ ತೆರೆದರೆ ಸಾಲದು, ಒಳಗಿನ ಬೆಲೆ ಒಂದೇ ಆಗಬೇಕೆಂಬ ಅವರ ಮಾನದಂಡ ಹಳತಾಗುವುದಿಲ್ಲ.

ಗುಜರಾತಿಯಲ್ಲಿ ಮಕ್ಕಳಿಗಾಗಿ ಗಲಿವರನ ಪ್ರವಾಸಕಥೆಯನ್ನು ರೂಪಾಂತರಿಸಿ, ಷೇಕ್ಸ್‌ಪಿಯರನ ನಾಟಕಗಳನ್ನೂ ವಾಲ್ಮೀಕಿ ರಾಮಾಯಣದ ಕಾಂಡಗಳನ್ನೂ ಅನುವಾದಿಸಿದ ಹಂಸಾ ಅವರಿಗೆ 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1995ರ ಏಪ್ರಿಲ್ 4ರಂದು ಅವರು ನಿಧನರಾದರು. ಬರೋಡ ವಿಶ್ವವಿದ್ಯಾಲಯದ ಗ್ರಂಥಾಲಯ ಅವರ ಹೆಸರನ್ನು ಹೊತ್ತಿದೆ.

ಮುಂಬಯಿ ಕರ್ನಾಟಕದ ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆಯನ್ನು ಬರೆಯುವವರು ಸ್ಥಳೀಯ ದಾನಿಗಳ, ಶಿಕ್ಷಕಿಯರ ಸೇವೆಯ ಜೊತೆಗೆ ಮುಂಬಯಿ ಶಾಸನಸಭೆಯ ನಡವಳಿಗಳನ್ನೂ ಓದಬೇಕೆಂದು ನಾವು ಸೂಚಿಸಬಯಸುತ್ತೇವೆ. ಹುಬ್ಬಳ್ಳಿಯ ಕನ್ಯಾಶಾಲೆಯೂ ಮುಂಬಯಿಯ ಸಚಿವಾಲಯವೂ ಒಂದೇ ಚರಿತ್ರೆಯ ಎರಡು ಭಾಗಗಳು. ಅವುಗಳನ್ನು ಒಟ್ಟಿಗೆ ಓದಿದಾಗಲೇ ಕನ್ನಡದ ಹುಡುಗಿ ಯಾವ ಪಾಠವನ್ನು ಓದಬೇಕೆಂಬುದನ್ನು ಯಾರು, ಯಾವ ಕಾರಣಕ್ಕೆ ತೀರ್ಮಾನಿಸಿದರೆಂಬುದು ಪೂರ್ತಿಯಾಗಿ ತಿಳಿಯುತ್ತದೆ.